ಆರಿಸಿದ ಕೈ

ಸಿಡಿಲು ಹೊಡೆದ ತೆಂಗಿನ ಮರಕ್ಕೆ ಅದರದೇ ಒಂದು ವಾಸನೆಯಿದೆ. ಹಸಿ ಗರಿ ಸುಟ್ಟ ವಾಸನೆ, ಅದರ ಬೆನ್ನಿಗೇ ಎಳೆಗಾಯಿಯ ಗಂಜಿ ಸೀದಂಥ ಸಿಹಿ. ನನಗೆ ಆರೇಳು ವರ್ಷವಿದ್ದಾಗ ಹಾಲ್ಕುರಿಕೆಯ ನಮ್ಮ ಹಿತ್ತಿಲಿನ ಮರಕ್ಕೆ ಸಿಡಿಲು ಬಡಿಯಿತು. ಸುಳಿ ಕರಕಲಾಗಿ, ಗರಿಗಳೆಲ್ಲ ಮುರಿದ ಛತ್ರಿಯ ಕಡ್ಡಿಗಳ ಹಾಗೆ ಜೋತುಬಿದ್ದವು. ಎಂಟು ದಿನ ಆ ವಾಸನೆ ಮನೆಯೊಳಗೆಲ್ಲ ಇತ್ತು. ಅಮ್ಮ ಅನ್ನ ಬಡಿಸಿದರೆ ಅನ್ನದಲ್ಲೂ ಅದೇ ಬರುತ್ತಿದೆಯೆಂದು ನಾನು ತಟ್ಟೆ ದೂಡುತ್ತಿದ್ದೆನಂತೆ.

ಆಮೇಲೆ ನಮ್ಮ ಮನೆಗೆ ಕರೆಂಟು ಬಂತು, ರೇಡಿಯೊ ಬಂತು. ದೂರದಲ್ಲಿ ಗುಡುಗು ಕೇಳಿದರೆ ಸಾಕು, ಅಪ್ಪ ಮೊದಲು ಎದ್ದು ರೇಡಿಯೊದ ಪ್ಲಗ್ ಕೀಳುತ್ತಿದ್ದರು. ಇವತ್ತಿಗೂ ನಮ್ಮ ಸೀಮೆಯಲ್ಲಿ ಎಲ್ಲರದೂ ಅದೇ ರೂಢಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕೆಳಗೆ ಬಿಡಬೇಕು. ಪಕ್ಕದ ಮನೆಯವರು ಊರಲ್ಲಿಲ್ಲದಿದ್ದರೆ ಅವರ ಬೀಗ ತೆಗೆದು ಅವರ ಟಿವಿಯದನ್ನೂ ಕಿತ್ತು ಬರುತ್ತೇವೆ. ಅದನ್ನು ಯಾರೂ ಉಪಕಾರವೆಂದು ಹೇಳಿಕೊಳ್ಳುವುದಿಲ್ಲ.

ಈ ರೂಢಿಯಿಂದಾಗಿ ಹೋದ ಬೇಸಿಗೆಯಲ್ಲಿ ಒಬ್ಬ ಮನುಷ್ಯ ತನ್ನ ಬುದ್ಧಿಯನ್ನೇ ಅನುಮಾನಿಸುವ ಹಾಗಾಯಿತು. ಅದರಲ್ಲಿ ನನ್ನ ಪಾಲೂ ಇದೆ.

ತಿಪಟೂರಿನ ಕಾಲೇಜೊಂದರ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತಳಾದ ಮೇಲೆ ನಾನೂ ನನ್ನ ತಂಗಿ ಸುವರ್ಣಮ್ಮನೂ ಹಾಲ್ಕುರಿಕೆಯ ಮನೆಯಲ್ಲಿದ್ದೇವೆ. ಮುಂದಿನ ಕೋಣೆ ಹಗಲು ಹೊತ್ತು ಸ್ಪಂದನಳದು. ಅವಳು ನಮ್ಮೂರಿನ ದಾಸಯ್ಯನ ಮಗಳು. ಅವರ ಮನೆ ತೋಟದೊಳಗಿನ ತಗ್ಗಿನಲ್ಲಿದೆ. ಅಲ್ಲಿ ಫೋನು ಕೂಡ ಸರಿಯಾಗಿ ಸಿಗುವುದಿಲ್ಲ. ನಮ್ಮ ಬೀದಿಗೆ ಫೈಬರ್ ತಂತಿ ಬಂದ ವಾರವೇ ಅವಳು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದು ಬಾಗಿಲಲ್ಲಿ ನಿಂತಳು.

“ಅಜ್ಜಿ, ಬೆಳಗ್ಗೆಯಿಂದ ಸಾಯಂಕಾಲದ ಗಂಟ ನಿಮ್ ಮುಂದಿನ್ ರೂಮಲ್ಲಿ ಕೂತ್ಕಂಡು ಕೆಲ್ಸ ಮಾಡ್ಲಾ? ಸದ್ದು ಮಾಡಲ್ಲ.”

“ಸದ್ದು ಮಾಡ್ಕೊಂಡೇ ಕೂತ್ಕೊಳ್ಳೇ, ಈ ಮನೇಲಿ ಅದೇ ಕಮ್ಮಿ ಆಗಿರೋದು” ಎಂದಳು ಸುವರ್ಣ.

ಅದಾಗಿ ಎರಡು ವರ್ಷ. ಮೇಜಿನ ಮೇಲೆ ನನ್ನ ಕನ್ನಡಕ ಕಂಡರೆ ಸ್ಪಂದನ ಹೇಳದೆ ಕೇಳದೆ ಒರೆಸಿಡುತ್ತಾಳೆ. ಅವಳು ಒರೆಸಿದ್ದೆಂದು ನನಗೆ ಗೊತ್ತಾಗುವುದು ಓದಲು ಕೂತು ಅಕ್ಷರಗಳೆಲ್ಲ ನಿಚ್ಚಳವಾಗಿ ಕಂಡಾಗಲೇ.

ಅವಳದು ತುಮಕೂರಿನ ಒಂದು ಕಂಪನಿಯ ಕೆಲಸ. ಆಸ್ಪತ್ರೆ, ಕಾಲೇಜುಗಳಲ್ಲಿರುವ ಸರ್ವರ್ ಎಂಬ ದೊಡ್ಡ ಕಂಪ್ಯೂಟರುಗಳನ್ನು ಕೂತಲ್ಲಿಂದಲೇ ನೋಡಿಕೊಳ್ಳಬೇಕು. ಚಿಕ್ಕನಾಯಕನಹಳ್ಳಿಯಲ್ಲಿ ಒಂದು ಟ್ರಸ್ಟಿನವರು ನಡೆಸುವ ಡಯಾಲಿಸಿಸ್ ಕೇಂದ್ರವೂ ಅವಳ ಪಾಲಿಗೆ ಬಂದಿತ್ತು. ಅಲ್ಲಿಗೆ ಹೋಗಬೇಕಾದರೆ ನಾವು ಎರಡು ಬಸ್ಸು ಹಿಡಿಯಬೇಕು. ಇಲ್ಲಿ ಕೂತು ಅಲ್ಲಿಯದನ್ನು ಹೇಗೆ ರಿಪೇರಿ ಮಾಡುತ್ತೀಯೆಂದು ನಾನು ಒಮ್ಮೆ ಕೇಳಿದೆ.

“ಆ ಮಿಷನ್ ಒಳಗೇ ಒಂದು ಪುಟ್ಟ ಕಾರ್ಡ್ ಐತೆ ಅಜ್ಜಿ. ದೊಡ್ಡ ಮಿಷನ್ ಆರೋಗಿದ್ರೂ ಅದು ಎದ್ದಿರ್ತದೆ. ಅದಕ್ಕೇ ಅಂತ ಬೇರೆ ಕೇಬಲ್ಲು. ಅಲ್ಲಿ ಟಿವಿ ಥರ ಒಂದು ಮಾನಿಟರ್ ಇಟ್ರೆ ಅದರಲ್ಲಿ ಏನ್ ಕಾಣ್ತದೋ ಅದು ನಂಗೆ ಇಲ್ಲೇ ಕಾಣ್ತದೆ. ಹಚ್ಚಬೋದು, ಆರಿಸಬೋದು.”

“ಮುಟ್ಟದೇನೆ?”

“ಮುಟ್ಟದಂಗೇ ಅನ್ಕಳಿ.”

ಆದರೆ ಸಡಿಲವಾದ ಕೇಬಲನ್ನು ಒತ್ತಿ ಕೂರಿಸುವುದು, ಧೂಳು ಒರೆಸುವುದು ಆ ಕಾರ್ಡಿನಿಂದ ಆಗುವುದಿಲ್ಲ. ಅಂಥದ್ದಕ್ಕೆ ಅವಳು ಮೈಲಾರಿಯವರಿಗೆ ಫೋನ್ ಮಾಡುತ್ತಿದ್ದಳು. ಅವರು ಆ ಕೇಂದ್ರದ ಕಾವಲುಗಾರರು, ಅರವತ್ತು ದಾಟಿದವರು. ಅಲ್ಲಿನ ಬೀರುವಿನಲ್ಲಿ ಒಂದೇ ಥರದ ಎರಡು ಯಂತ್ರಗಳಿದ್ದವು. ಯಾವುದನ್ನು ಮುಟ್ಟಬೇಕೆಂದು ತೋರಿಸಲು ಸ್ಪಂದನ ಇಲ್ಲಿಂದಲೇ ಆ ಯಂತ್ರದ ಮುಂಭಾಗದ ಸಣ್ಣ ನೀಲಿ ದೀಪ ಹಚ್ಚುತ್ತಿದ್ದಳು. ಫೋನನ್ನು ಸ್ಪೀಕರಿಗೆ ಹಾಕುತ್ತಿದ್ದುದರಿಂದ ಅವರ ಮಾತು ಅಡುಗೆಮನೆಯವರೆಗೂ ಕೇಳುತ್ತಿತ್ತು.

“ತಾತ, ಈಗ ನೋಡಿ, ಯಾವುದ್ರಲ್ಲಿ ನೀಲಿ ದೀಪ ಹತ್ತೈತೆ?”

“ಮ್ಯಾಲಿಂದ್ರಲ್ಲಿ ಕಣವ್ವ. ಕಣ್ ಬುಡ್ತು ನೋಡು. ಅಲ್ಲಿ ಕುಂತ್ಕಂಡು ಇಲ್ಲಿ ದೀಪ ಹಚ್ತೀಯಲ್ಲ, ನಮ್ಮನೆ ಒಲೇನೂ ಹಂಗೇ ಹಚ್ಬುಡು. ನಮ್ಮೆಂಗಸು ಊರಿಗೋಗವಳೆ.”

“ಒಲೆಗೊಂದು ಕಾರ್ಡ್ ಹಾಕಿಸ್ಕಳಿ ತಾತ, ಹಚ್ತೀನಿ.”

“ತಾತ ಗೀತ ಅನ್ಬ್ಯಾಡ. ಒಂದ್ ಹಲ್ಲೂ ಬಿದ್ದಿಲ್ಲ ನಂದು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಅದು ಭರಣಿ ಮಳೆಯ ಕಾಲ. ಸೋಮವಾರ ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಗಾಳಿ ಎದ್ದಿತು. ತೋಟದ ಗರಿಗಳೆಲ್ಲ ಒಂದೇ ಕಡೆಗೆ ವಾಲಿದವು. ಮೊದಲ ಗುಡುಗಿಗೇ ನಾನು ಅಡುಗೆಮನೆಯಿಂದ ಕೂಗಿದೆ. “ಸ್ಪಂದನಾ, ಎಲ್ಲಾ ಆರಿಸಿ ಕಿತ್ತುಬಿಡಮ್ಮ.”

“ಹೂಂ ಅಜ್ಜಿ, ಒಂದ್ ನಿಮಿಷ.”

ಆ ನಿಮಿಷ ಮುಗಿಯುವ ಮೊದಲೇ ಮನೆಯೆಲ್ಲ ಬೆಳ್ಳಗಾಗಿ, ಕಿಟಕಿಯ ಗಾಜು ಅದುರುವಂಥ ಸದ್ದಾಯಿತು. ನಾನು ಓಡಿಹೋಗಿ ಅವಳ ಕೋಣೆಯ ಬಾಗಿಲಲ್ಲಿ ನಿಂತೆ. ಎಪ್ಪತ್ತೊಂದು ವರ್ಷದ ನಾನು ಆ ಹೊತ್ತಿಗೆ ಮತ್ತೆ ಆರು ವರ್ಷದವಳಾಗಿದ್ದೆ. “ಬೇಗ ಕಣೇ! ಎಲ್ಲಾನೂ!” ಎಂದು ಕಿರುಚಿದೆ.

ಅವಳ ಮುಂದೆ ಚಿಕ್ಕನಾಯಕನಹಳ್ಳಿಯ ಯಂತ್ರದ ಪರದೆ ತೆರೆದಿತ್ತು. ಅವಳು ಮೌಸಿನ ಮೇಲೆ ಬೆರಳಿಟ್ಟು ಏನನ್ನೋ ಎರಡು ಸಲ ಒತ್ತಿದಳು, ಚಾರ್ಜರ್ ಕಿತ್ತಳು, ಬಗ್ಗಿ ಮೋಡೆಮ್ಮಿನ ಪ್ಲಗ್ ಎಳೆದಳು. ಮೂರೂ ಒಂದೇ ಓಟದಲ್ಲಿ ಆದವು. ನಾನು ಕಣ್ಣಾರೆ ಕಂಡೆ. ಕಂಡದ್ದೇನೆಂದು ಮಾತ್ರ ತಿಳಿಯಲಿಲ್ಲ.

ಅವಳಿಗೂ ಆಗಲೇ ತಿಳಿಯಲಿಲ್ಲ. ಮಳೆ ಹುಯ್ಯುತ್ತಿರುವಾಗ ಕೋಣೆಯಲ್ಲಿ ಸುಮ್ಮನೆ ಕೂತಿದ್ದವಳು ಇದ್ದಕ್ಕಿದ್ದಂತೆ, “ಅಜ್ಜಿ, ಅದ್ನೂ ಆರಿಸ್ಬುಟ್ಟೆ” ಎಂದಳು.

“ಯಾವುದನ್ನ?”

“ಆಸ್ಪತ್ರೆದು. ಪವರ್ ಬಟನ್ ಒತ್ತಿ ಹಿಡಿಯೋದು ಅಂತ ಪರದೇಲಿ ಒಂದು ಗುಂಡಿ ಐತೆ, ಅದನ್ನ ಒತ್ಬುಟ್ಟೆ. ಹಂಗ್ ಮಾಡಿದ್ರೆ ತಲೆ ಮೇಲೆ ಹೊಡೆದಂಗೆ ಅದಕ್ಕೆ. ಕೆಲ್ಸ ಮಾಡ್ತಾ ಇರೋವಾಗ್ಲೇ ನಿಂತೋಗ್ತದೆ.”

ಹೋದ ವರ್ಷ ಬೇರೊಂದು ಊರಿನ ಕಾಲೇಜಿನ ಯಂತ್ರ ಸಿಡಿಲಿಗೆ ಸುಟ್ಟಾಗ, ಮೊದಲೇ ಯಾಕೆ ಆರಿಸಲಿಲ್ಲವೆಂದು ಕಂಪನಿಯವರು ಇವಳನ್ನೇ ಕೇಳಿದ್ದರು. ಆ ಹೆದರಿಕೆ ಒಳಗಿತ್ತು. ಹೊರಗೆ ನನ್ನ ಕಿರುಚಾಟ. ಕಣ್ಣ ಮುಂದಿರುವುದೆಲ್ಲ ಈ ಕೋಣೆಯದೇ ಎಂದು ಅವಳ ಬೆರಳು ನಂಬಿಬಿಟ್ಟಿತ್ತು. ಆದರೆ ಚಿಕ್ಕನಾಯಕನಹಳ್ಳಿಯಲ್ಲಿ ಆ ದಿನ ಒಂದು ಹನಿಯೂ ಬಿದ್ದಿರಲಿಲ್ಲ. ಗುಡ್ಡಗಳಾಚೆ ಎಲ್ಲೋ ಗುಡುಗುಡು ಕೇಳಿತ್ತಂತೆ, ಅಷ್ಟೆ.

ಮಳೆ ನಿಂತ ಮೇಲೆ ಅವಳು ಆ ಕಾರ್ಡಿನ ಮೂಲಕವೇ ಯಂತ್ರವನ್ನು ಮತ್ತೆ ಹಚ್ಚಿದಳು. ಯಂತ್ರ ಎದ್ದಿತು. ರೋಗಿಗಳ ದಾಖಲೆ ಇರುವ ಭಾಗ ಮಾತ್ರ ಏಳಲಿಲ್ಲ. ಯಾರ ಮೈಯಿಂದ ಎಷ್ಟು ನೀರು ತೆಗೆಯಬೇಕು, ಯಾರಿಗೆ ಯಾವ ಔಷಧ ಎಷ್ಟು, ಯಾರಿಗೆ ಯಾವುದು ಒಗ್ಗುವುದಿಲ್ಲ, ಎಲ್ಲವೂ ಅದರಲ್ಲೇ ಇತ್ತು. ಅವಳು ಪರದೆಗೆ ಕಣ್ಣು ನೆಟ್ಟು ಕೂತಿದ್ದಾಗ ಪರಮೇಶನ ಫೋನ್ ಬಂತು. ಅವನು ಕೇಂದ್ರದ ಮೇಲ್ವಿಚಾರಕ. ಹಿಂದೆ ನಮ್ಮ ಕಾಲೇಜಿನಲ್ಲಿ ಓದಿದವನು, ಪುಸ್ತಕ ತಡವಾಗಿ ತಂದರೂ ಹೊದಿಕೆ ಹಾಕಿ ತರುತ್ತಿದ್ದ ಹುಡುಗ.

“ಸ್ಪಂದನಾ, ಏನಾಗಿದೆ? ಮೂರೂ ಮುಕ್ಕಾಲಿಂದ ಎಲ್ಲಾ ನಿಂತಿದೆ. ಹನ್ನೊಂದು ಜನ ಕಾಯ್ತಾವ್ರೆ. ನರ್ಸುಗಳು ಹಳೇ ಫೈಲ್ ಹುಡುಕ್ತಾವ್ರೆ. ಒಬ್ಬರ ಫೈಲೇ ಸಿಗದೆ ಆಂಬುಲೆನ್ಸ್‌ನಲ್ಲಿ ತುಮಕೂರಿಗೆ ಕಳಿಸ್ಬೇಕಾಯ್ತು.”

“ಮಿಷನ್ ಪವರ್ ಹೋಗಿತ್ತು ಸರ್.”

“ಪವರ್ ಎಲ್ಲಿ ಹೋಗಿತ್ತು? ಫ್ಯಾನ್ ತಿರುಗ್ತಾನೇ ಇತ್ತು. ತಡೀರಿ. ದೂರದಲ್ಲಿ ಗುಡುಗಿತು ಅಂತ ಮೈಲಾರಿ ಟಿವಿ ಪ್ಲಗ್ ಕಿತ್ತು ಹಾಕಿದ್ರು. ಇದನ್ನೂ ಕಿತ್ತು ಆಮೇಲೆ ಹೆದರ್ಕೊಂಡು ಸಿಕ್ಕಿಸವ್ರೆ. ಹೋದ್ ವರ್ಷಾನೂ ಹಿಂಗೇ ಮಾಡಿದ್ರಲ್ವಾ?”

ಸ್ಪಂದನ ನನ್ನ ಕಡೆ ನೋಡಿದಳು. ನಾನು ಏನೂ ಹೇಳಲಿಲ್ಲ.

“ಹೂಂ ಸರ್” ಎಂದಳು. “ಹೋದ್ ವರ್ಷ ಕಿತ್ತಿದ್ರು.”

ಹೋದ ವರ್ಷ ಕಿತ್ತದ್ದು ನಿಜವೇ. ಆಮೇಲೆ ಆ ಪ್ಲಗ್ಗಿನ ಮೇಲೆ ‘ಕೀಳಬೇಡಿ’ ಎಂದು ಚೀಟಿ ಅಂಟಿಸಿದ್ದರು. ಅವಳು ಆಡಿದ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಅವಳು ದಾಖಲೆಗಳನ್ನೆಲ್ಲ ಸರಿಮಾಡಿದಳು. ತುಮಕೂರಿಗೆ ಹೋಗಿದ್ದ ಹೆಂಗಸು ಎರಡು ದಿನದ ಮೇಲೆ ಮನೆಗೆ ಬಂದರೆಂದು ತಿಳಿಯಿತು. ಮುಗಿಯಿತಲ್ಲ ಎಂದುಕೊಂಡು ನಾನೂ ಉಸಿರುಬಿಟ್ಟೆ. ಆದರೆ ಸ್ಪಂದನ ಮಾತು ಕಮ್ಮಿ ಮಾಡಿದಳು. ನನ್ನ ಕನ್ನಡಕ ಮೇಜಿನ ಮೇಲೆ ಮಬ್ಬಾಗಿಯೇ ಉಳಿಯಿತು.

ಶುಕ್ರವಾರ ಮೈಲಾರಿಯವರೇ ಫೋನ್ ಮಾಡಿದರು.

“ಅವ್ವ, ಒಂದ್ ಮಾತು ಕೇಳ್ಲಾ? ಬಯ್ಬ್ಯಾಡ.”

“ಕೇಳಿ ತಾತ.”

ತಾತ ಅನ್ನಬೇಡವೆಂದು ಅವರು ಈ ಸಲ ಹೇಳಲಿಲ್ಲ.

“ಅವತ್ತು ಟಿವೀದು ಕಿತ್ತೆ, ಅದು ಗ್ಯಾಪ್ಕ ಐತೆ. ನೀರಿನ್ ಫಿಲ್ಟರ್ದು ಕಿತ್ತೆ, ಅದೂ ಐತೆ. ಬೀರು ತಾವ್ಕೆ ಹೋಗಿದ್ದು ಮಾತ್ರ ಗ್ಯಾಪ್ಕ ಇಲ್ಲ. ಆದ್ರೆ ಎಲ್ರೂ ನಾನೇ ಅಂತಾರೆ. ಕಿತ್ತು ಮರ್ತಿದ್ದೀನೇನೋ. ನಿನ್ ಮಿಷನ್ಗೆ ಗೊತ್ತಾಯ್ತದಾ ಅವ್ವ, ನಾನ್ ಕಿತ್ನಾ ಇಲ್ವಾ ಅಂತ?”

ಸ್ಪಂದನಳ ಕೈ ಮೇಜಿನ ಅಂಚನ್ನು ಹಿಡಿದಿತ್ತು.

“ಗೊತ್ತಾಗಲ್ಲ ತಾತ.”

“ಗೊತ್ತಾಗಲ್ವಾ. ಹೋಗ್ಲಿ ಬುಡು. ಸಾಹೇಬ್ರು ಒಳ್ಳೇರು, ಒಂದ್ ಮಾತು ಬಯ್ಲಿಲ್ಲ. ವಯಸ್ಸಾಯ್ತು, ಮನೇಲಿ ಆರಾಮಾಗಿರಿ ಅಂದ್ರು. ಸೋಮವಾರ ಶಾಲು ಹೊದಿಸಿ ಕಳಿಸ್ತಾರಂತೆ. ಮರೆವಿಗೆ ತುಮಕೂರಲ್ಲಿ ಡಾಕ್ಟ್ರು ಅವ್ರಂತೆ, ಚೀಟೀನೂ ಬರ್ಸಿಕೊಟ್ಟವ್ರೆ. ಈಗ ಮನೇಲಿ ನಾನ್ ಗ್ಯಾಸ್ ಆರ್ಸಿದ್ಮ್ಯಾಕೆ ನಮ್ಮೆಂಗಸು ಇನ್ನೊಂದ್ಸಾರಿ ಹೋಗಿ ಮುಟ್ಟಿ ನೋಡ್ತಾಳೆ. ನಂಗೆ ಕಾಣ್ದಂಗೇ ನೋಡ್ತಾಳೆ ಪಾಪ. ಅದೊಂದೇ ಒಸಿ ಬ್ಯಾಸರ.”

ಫೋನ್ ಇಟ್ಟ ಮೇಲೆ ನಾನು ಅವಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತೆ.

“ನಿಜವಾಗಲೂ ಗೊತ್ತಾಗಲ್ವೇನೇ?”

ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಸಾಲುಸಾಲಾಗಿ ದಿನ, ಗಂಟೆ, ಹೆಸರು. ಸೋಮವಾರ ಮೂರು ಗಂಟೆ ನಲವತ್ತೆರಡು ನಿಮಿಷದ ಎದುರು ಅವಳ ಹೆಸರಿತ್ತು, ಪವರ್ ಬಟನ್ ಒತ್ತಿ ಹಿಡಿದು ಆರಿಸಲಾಗಿದೆ ಎಂದಿತ್ತು.

“ಆ ಕಾರ್ಡು ಎಲ್ಲಾ ಬರ್ಕತದೆ ಅಜ್ಜಿ. ಅಲ್ಲಿ ಯಾರ್ಗೂ ಇದು ಗೊತ್ತಿಲ್ಲ. ನಮ್ ಕಂಪನೀಲೂ ಯಾರೂ ತೆಗ್ದು ನೋಡಲ್ಲ.” ಅವಳು ಮೂಲೆಯಲ್ಲಿದ್ದ ಒಂದು ಗುಂಡಿಯ ಮೇಲೆ ಬಾಣದ ಗುರುತನ್ನು ತಂದು ನಿಲ್ಲಿಸಿದಳು. “ಇದನ್ನ ಒತ್ತಿದ್ರೆ ಎಲ್ಲಾ ಅಳಿಸೋಗ್ತದೆ. ನಾನು ಅಳಿಸ್ದೆ ಅಂತ ಒಂದ್ ಸಾಲು ಮಾತ್ರ ಉಳೀತದೆ. ನಾಕ್ ದಿನದಿಂದ ಒತ್ಲಾ ಬ್ಯಾಡ್ವಾ ಅಂತ ನೋಡ್ತಾ ಕೂತಿದ್ದೀನಿ.”

“ನಾನು ಎಲ್ಲಾನೂ ಆರಿಸು ಅಂತ ಕಿರುಚಿದ್ದು ಅದರಲ್ಲಿದೆಯಾ?”

“ಇಲ್ಲ. ನಿಮ್ ಮಾತು ಅದಕ್ಕೆ ಕೇಳಿಸಲ್ಲ.”

ಹಾಗೆಂದಾಗ ನನ್ನೊಳಗೆ ಒಂದು ಗಳಿಗೆ ಹಗುರವಾಯಿತು. ಅದನ್ನು ಬರೆಯದೆ ಬಿಟ್ಟರೆ ಈ ಕಥೆ ಸರಿಯಾಗುವುದಿಲ್ಲ. ತಕ್ಷಣವೇ ಹೋಗಿ ನಿಜ ಹೇಳೆಂದು ನಾನೇನೂ ಅವಳಿಗೆ ಬುದ್ಧಿ ಹೇಳಲಿಲ್ಲ. “ಹೇಳಿದರೆ ನಿನ್ನ ಕೆಲಸ ಹೋಗುತ್ತಾ?” ಎಂದು ಕೇಳಿದೆ.

“ಹೋಗ್ಬೋದು. ರೋಗಿ ಇರೋ ಜಾಗ ಅಲ್ವಾ.” ಪರದೆಯಿಂದ ಕಣ್ಣು ತೆಗೆಯದೆ, “ಅವ್ರಿಗೆ ಹೆಂಗೂ ಅರವತ್ಮೂರು ಅಜ್ಜಿ. ಇನ್ನೊಂದೆರಡು ವರ್ಷಕ್ಕೆ ಬಿಡೋರೇ ಅಲ್ವಾ” ಎಂದಳು. ಆಮೇಲೆ ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದಳು. “ಥೂ. ಏನ್ ಮಾತಾಡ್ದೆ ನಾನು.”

ಮೂರು ತಿಂಗಳ ಹಿಂದೆ ನಾನು ಬೀರುವಿನ ಕೀಲಿಯನ್ನು ಕೈಯಲ್ಲೇ ಹಿಡಿದುಕೊಂಡು ಅರ್ಧ ಗಂಟೆ ಹುಡುಕಿದ್ದೆ. ಸುವರ್ಣ ನಕ್ಕಳು, ನಾನೂ ನಕ್ಕೆ. ಆದರೆ ಅವತ್ತು ಸಂಜೆಯವರೆಗೂ ನನ್ನ ಹಳೆಯ ವಿದ್ಯಾರ್ಥಿಗಳ ಹೆಸರನ್ನು ಒಂದೊಂದಾಗಿ ನೆನೆಸಿಕೊಂಡು ಸರಿಯಾಗಿವೆಯೇ ಎಂದು ನೋಡಿಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ. ಅದನ್ನು ಈಗ ಸ್ಪಂದನಳಿಗೆ ಹೇಳಿದೆ.

“ನಾನು ಕೀಲಿ ಮರೆತದ್ದು ನಿಜವಾಗಿ ಮರೆತದ್ದೇ ಕಣೇ. ಅದಕ್ಕೇ ಅಷ್ಟು ಭಯ ಆಯ್ತು. ಅವರು ಏನೂ ಮರೆತೇ ಇಲ್ಲ.”

ಅವಳು ಬಾಣದ ಗುರುತನ್ನು ಆ ಗುಂಡಿಯ ಮೇಲಿಂದ ಸರಿಸಿದಳು. ಆ ಪುಟವನ್ನು ತನ್ನ ಫೋನಿಗೆ ಕಳಿಸಿಕೊಂಡಳು. “ನಾಳೆ ನೀವೂ ಬತ್ತೀರಾ?” ಎಂದಳು.

ಶನಿವಾರ ಬೆಳಗ್ಗೆ ಹೊರಟೆವು. ಸುವರ್ಣ ಇಡ್ಲಿ ಮಾಡಿಟ್ಟಿದ್ದಳು. ತಟ್ಟೆಗೆ ಹಾಕಿದ್ದು ಹಾಗೇ ಉಳಿಯಿತು. ತಿಪಟೂರಿನ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸ್ಪಂದನ ಆ ಪುಟವನ್ನು ಪ್ರಿಂಟ್ ಹಾಕಿಸಿದಳು. ಅಂಗಡಿಯವಳು ಹಾಳೆಯನ್ನೊಮ್ಮೆ, ಇವಳ ಬೆವರಿದ ಕೈಯನ್ನೊಮ್ಮೆ ನೋಡಿ, ಅದನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿಕೊಟ್ಟಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಸ್ಪಂದನ ಆ ಕವರನ್ನು ತೊಡೆಯ ಮೇಲೆ ಮಗುಚಿ ಹಾಕಿಕೊಂಡು ಕೂತಿದ್ದಳು.

ಪರಮೇಶ ನನ್ನನ್ನು ಕಂಡು ಎದ್ದು ನಿಂತ. “ಮೇಡಂ! ನೀವ್ಯಾಕೆ ಈ ಬಿಸಿಲಲ್ಲಿ? ಕಾಫಿ ತರಿಸ್ತೀನಿ, ಕೂತ್ಕೊಳ್ಳಿ.” ಅವನ ಮೇಜಿನ ಮೇಲೆ ತೆರೆದ ಡಬ್ಬಿಯಲ್ಲಿ ಮಡಿಸಿದ ಶಾಲು ಇತ್ತು.

ಸ್ಪಂದನ ಹಾಳೆಯನ್ನು ಮುಂದಿಟ್ಟಳು. ಅವನು ಓದಿದ. ಮತ್ತೆ ಓದಿದ.

“ಅಂದ್ರೆ ಮೈಲಾರಿ?”

“ಅವ್ರು ಮುಟ್ಟೇ ಇಲ್ಲ ಸರ್. ಹಾಲ್ಕುರಿಕೇಲಿ ಗುಡುಗ್ತಾ ಇತ್ತು. ಗಾಬ್ರೀಲಿ ನಾನೇ ಇದನ್ನ ಆರಿಸ್ಬುಟ್ಟೆ. ನೀವ್ ಕೇಳಿದಾಗ ಹೇಳ್ಲಿಲ್ಲ.”

“ಎಲ್ಲಾ ಆರಿಸು ಅಂತ ಕಿರುಚಿದ್ದು ನಾನು ಪರಮೇಶ” ಎಂದೆ.

“ನೀವು ಮನೆಯದನ್ನ ಅಂದಿರ್ತೀರ ಮೇಡಂ.”

“ಎಲ್ಲಾನೂ ಅಂದೆ. ನೀನು ಫೋನ್ ಮಾಡಿದಾಗ ಪಕ್ಕದಲ್ಲೇ ಇದ್ದೆ. ನಾನೂ ಬಾಯಿ ಬಿಡಲಿಲ್ಲ.”

ಕಾಫಿ ಬಂತು. ಯಾರೂ ಮುಟ್ಟಲಿಲ್ಲ. ಪರಮೇಶ ಡಬ್ಬಿಯ ಮುಚ್ಚಳ ಹಾಕಿ, ಅದನ್ನು ಡ್ರಾಯರಿನೊಳಗೆ ತಳ್ಳಿದ. “ಅವ್ರಿಗೆ ಒಳ್ಳೇದೇ ಮಾಡ್ತಿದ್ದೀನಿ ಅನ್ಕೊಂಡಿದ್ದೆ” ಎಂದ. “ಕಮಿಟೀಲಿ ಎಲ್ರಿಗೂ ಹೇಳಿದ್ದೀನಿ, ಪಾಪ ಮರೆವು ಶುರುವಾಗಿದೆ, ಗೌರವವಾಗಿ ಕಳಿಸೋಣ ಅಂತ.” ಆಮೇಲೆ ಅವನ ದನಿ ಗಡುಸಾಯಿತು. “ಹನ್ನೊಂದು ಜನ ಸ್ಪಂದನಾ. ಆಂಬುಲೆನ್ಸ್ ಹತ್ತಿಸುವಾಗ ಆ ತಾಯಿ ನನ್ನ ಕೈ ಬಿಡ್ಲೇ ಇಲ್ಲ. ಇದನ್ನ ನಾನು ನಿಮ್ಮ ಕಂಪನಿಗೆ ಹೇಳಲೇಬೇಕು.”

“ಹೇಳಿ ಸರ್.”

ಅವನು ನಮ್ಮ ಎದುರಿಗೇ ಫೋನ್ ಮಾಡಿದ. ಹತ್ತು ನಿಮಿಷ ಆಗಿರಬೇಕು. ಸ್ಪಂದನ ಜೊತೆಗೆ ತಂದು ತೊಡೆಯ ಮೇಲೆ ತೆರೆದಿಟ್ಟುಕೊಂಡಿದ್ದ ಕಂಪನಿಯ ಲ್ಯಾಪ್‌ಟಾಪು ಪಾಸ್‌ವರ್ಡ್ ಕೇಳಿತು. ಅವಳು ಹಾಕಿದಳು, ಅದು ಒಪ್ಪಲಿಲ್ಲ. ಇನ್ನೊಂದು ಸಲ ಹಾಕಲಿಲ್ಲ, ಮಡಿಸಿದಳು.

“ಇನ್ಮೇಲೆ ಬೇರೆಯೋರು ನೋಡ್ಕೋತಾರಂತೆ” ಎಂದ ಪರಮೇಶ, ಅವಳ ಮುಖ ನೋಡದೆ. “ಸೋಮವಾರ ನೀವು ತುಮಕೂರಿನ ಆಫೀಸಿಗೆ ಹೋಗ್ಬೇಕಂತೆ. ಏನು ಮಾಡ್ತಾರೋ ನಂಗೆ ಗೊತ್ತಿಲ್ಲ. ಮೈಲಾರಿಗೆ ಹೇಳಿಕಳಿಸ್ಲಾ, ಇಲ್ಲಾ ನಾನೇ ಆಮೇಲೆ ಹೇಳ್ಲಾ?”

“ನಾನೇ ಹೇಳ್ತೀನಿ ಸರ್.”

ಮೈಲಾರಿಯವರು ಬಂದರು. ಎತ್ತರದ ಒಣಕಲು ಮೈ, ಇಸ್ತ್ರಿ ಮಾಡಿದ ಖಾಕಿ ಅಂಗಿ. ಬಾಗಿಲಲ್ಲೇ ಚಪ್ಪಲಿ ಬಿಟ್ಟರು, ಎರಡು ಹೆಜ್ಜೆ ಒಳಗಿಟ್ಟು ಮತ್ತೆ ತಿರುಗಿ, ಬಿಟ್ಟದ್ದು ನಿಜವೇ ಎಂಬಂತೆ ಚಪ್ಪಲಿಯನ್ನು ನೋಡಿದರು.

“ತಾತ, ನಾನು ಸ್ಪಂದನ.”

ಅವರ ಮುಖ ಅರಳಿತು. “ಓಹೋ, ನೀನೇನವ್ವಾ! ಗಂಟ್ಲು ಕೇಳಿ ಯಾರೋ ಉದ್ದುಕಿರೋ ಹೆಂಗ್ಸು ಅಂದ್ಕಂಡಿದ್ದೆ. ಇಷ್ಟೇ ಇಷ್ಟು ಕೂಸು. ಸೋಮವಾರಕ್ಕೆ ಅಂತ ಈಗ್ಲೇ ಬಂದ್ಯಾ?”

“ತಾತ, ಅವತ್ತು ಮಿಷನ್ ಆರಿಸಿದ್ದು ನಾನು. ಗುಡುಗಿನ ಗಾಬ್ರೀಲಿ ಊರಲ್ಲಿ ಕೂತ್ಕಂಡೇ ಆರಿಸ್ದೆ. ನೀವು ಬೀರು ತಾವ್ಕೇ ಹೋಗಿಲ್ಲ. ನೀವು ಫೋನ್ ಮಾಡಿ ಕೇಳಿದ್ರಲ್ಲ, ಆವಾಗ್ಲೂ ನಂಗೆ ಗೊತ್ತಿತ್ತು.”

ಅವರು ಪರಮೇಶನ ಕಡೆ ನೋಡಿದರು. ಅವನು ತಲೆಯಾಡಿಸಿದ.

“ನಾನ್ ಕಿತ್ತಿಲ್ವಾ?”

“ಕಿತ್ತಿಲ್ಲ ತಾತ.”

ಮೈಲಾರಿಯವರು ತಮ್ಮ ಬಲಗೈಯನ್ನು ಎತ್ತಿ, ಅಂಗೈಯನ್ನೊಮ್ಮೆ ಹಿಂಗೈಯನ್ನೊಮ್ಮೆ ನೋಡಿಕೊಂಡರು. ಬೈಯುತ್ತಾರೆಂದು ನಾನು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಐದ್ ದಿನ ಕಣವ್ವ” ಎಂದರು ಮೆಲ್ಲಗೆ. “ಐದ್ ದಿನ ಈ ಕೈನ ನಾನೇ ನಂಬ್ಲಿಲ್ಲ. ಮೊಮ್ಮಗೂನ ಎತ್ಕಳಕೂ ಹೆದ್ರುಕಂಡೆ, ಎಲ್ಲಿ ಎತ್ಕಂಡಿರೋದು ಮರ್ತು ಬುಟ್ಬುಡ್ತೀನೋ ಅಂತ. ಅದು ಅಳ್ತಾ ಕೈ ಚಾಚ್ತು. ಎತ್ಕಳ್ಲಿಲ್ಲ ನಾನು.”

ಅವರು ಕೈ ಕೆಳಗಿಳಿಸಿ ಸ್ಪಂದನಳ ಕಡೆ ತಿರುಗಿದರು.

“ಆರ್ಸಿದ್ದು ಹೋಗ್ಲಿ, ಗಾಬ್ರೀಲಿ ಯಾರ್ಗಾದ್ರೂ ಆಯ್ತದೆ. ನಾನ್ ಬಾಯ್ಬಿಟ್ಟು ಕೇಳಿದ್ನಲ್ಲವ್ವ. ಕೇಳ್ದಾಗಾದ್ರೂ ಹೇಳ್ಬಾರ್ದಾ?”

ಅವರು ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಚೀಟಿ ತೆಗೆದು, ತುಮಕೂರಿನ ಡಾಕ್ಟರ ಹೆಸರಿದ್ದ ಚೀಟಿ ಅದು, ಪರಮೇಶನ ಮೇಜಿನ ಮೇಲಿಟ್ಟು ಹೊರಗೆ ಹೋದರು. “ಸೋಮವಾರ ಎಂದಿನಂಗೇ ಡ್ಯೂಟಿಗೆ ಬನ್ನಿ ಮೈಲಾರಿ” ಎಂದು ಪರಮೇಶ ಹಿಂದಿನಿಂದ ಹೇಳಿದ. ಅವರಿಗೆ ಕೇಳಿಸಿತೋ ಇಲ್ಲವೋ, ತಿರುಗಲಿಲ್ಲ.

ತಿಪಟೂರಿನ ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಗೇಟಿನ ಪಕ್ಕದ ಹೊಂಗೆಯ ಮರದಡಿ ಕಲ್ಲು ಬೆಂಚಿತ್ತು, ಅಲ್ಲಿ ಕೂತೆವು. ಡಯಾಲಿಸಿಸ್ ಮುಗಿಸಿದವರು ತೋಳಿಗೆ ಹತ್ತಿ ಒತ್ತಿಕೊಂಡು ಒಬ್ಬೊಬ್ಬರಾಗಿ ಹೊರಬರುತ್ತಿದ್ದರು. ಸ್ಪಂದನ ಅವರೆಲ್ಲರ ಮುಖ ನೋಡುತ್ತಿದ್ದಳು. ಆ ಹನ್ನೊಂದು ಜನರಲ್ಲಿ ಇವರೂ ಇದ್ದರೇ ಎಂದು ಹುಡುಕುತ್ತಿದ್ದಳೆಂದು ನನಗನ್ನಿಸಿತು.

“ಹೋಟ್ಲಲ್ಲಿ ಏನಾದ್ರೂ ತಿನ್ನೋಣ ಬಾರೇ. ಬೆಳಗ್ಗೆಯಿಂದ ನೀರು ಬಿಟ್ಟರೆ ಏನೂ ಇಲ್ಲ.”

“ಬ್ಯಾಡ ಅಜ್ಜಿ. ನೀವ್ ತಿನ್ಕಂಡು ಬನ್ನಿ.”

“ಅಪ್ಪನಿಗೆ ಏನು ಹೇಳ್ತೀ?”

“ಏನಾಗಿದೆಯೋ ಅದೇ” ಎಂದಳು. ಗೇಟಿನ ಕಡೆ ನೋಡಿ, “ತಾತ ಇನ್ಮೇಲೆ ನನ್ ಫೋನ್ ಎತ್ತಲ್ಲ ಅಲ್ವಾ” ಎಂದಳು. ಆಮೇಲೆ ತಾನೇ, “ನಾನ್ಯಾಕ್ ಮಾಡ್ತೀನಿ, ಕೆಲ್ಸಾನೇ ಇಲ್ವಲ್ಲ” ಎಂದು ನಗಲು ನೋಡಿದಳು. ಆಗಲಿಲ್ಲ. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಮೂಳೆಗಳು ಕೈಗೆ ಸಿಕ್ಕವು.

ಗೇಟಿನ ಆಚೆ ಮೈಲಾರಿಯವರು ಬಂದವರ ಹೆಸರು ಬರೆದುಕೊಳ್ಳುತ್ತಿದ್ದರು. ಒಂದು ಸಲವೂ ಈ ಕಡೆ ನೋಡಲಿಲ್ಲ. ಒಬ್ಬ ಮುದುಕರು ಆಟೋದಿಂದ ಇಳಿಯಲಾರದೆ ತಡವರಿಸಿದಾಗ ಹೋಗಿ ತಮ್ಮ ಬಲಗೈ ಕೊಟ್ಟು ಇಳಿಸಿದರು, ನಡೆಸಿಕೊಂಡು ಒಳಗೆ ಬಿಟ್ಟು ಬಂದರು. ಮತ್ತೆ ಪುಸ್ತಕ ತೆರೆದರು.

ಒಂದು ಗಂಟೆಯ ಸುಮಾರಿಗೆ ಅವರ ಜಾಗಕ್ಕೆ ಇನ್ನೊಬ್ಬರು ಬಂದು ಕೂತರು. ಮೈಲಾರಿಯವರು ನಲ್ಲಿಯಲ್ಲಿ ಕೈ ತೊಳೆದು, ಕುರ್ಚಿಯ ಹಿಂದಿನಿಂದ ಬಟ್ಟೆಯಲ್ಲಿ ಕಟ್ಟಿದ ಡಬ್ಬಿ ತೆಗೆದುಕೊಂಡು ಮರದ ಕಡೆ ನಡೆದು ಬಂದರು. ದಿನಾ ಉಣ್ಣುವ ಜಾಗ ಅದೇ ಇರಬೇಕೆಂದು ನಾನು ಬೆಂಚಿನ ತುದಿಗೆ ಸರಿದೆ. ಅವರು ಕೂರಲಿಲ್ಲ. ನಿಂತೇ ಗಂಟು ಬಿಚ್ಚಿದರು. ಎರಡು ರಾಗಿ ಮುದ್ದೆ, ಇನ್ನೊಂದು ಸಣ್ಣ ಡಬ್ಬಿಯಲ್ಲಿ ಸೊಪ್ಪಿನ ಬಸ್ಸಾರು, ಮೇಲೊಂದು ಈರುಳ್ಳಿ. ನನಗೆ ಸನ್ನೆಯಲ್ಲೇ, ನೀವೂ ಎಂದು ತೋರಿಸಿದರು.

ಆಮೇಲೆ ಏನೂ ಮಾತಾಡದೆ, ಸ್ಪಂದನಳ ಮುಖವನ್ನೂ ನೋಡದೆ ಡಬ್ಬಿಯನ್ನು ಮುಂದೆ ಚಾಚಿದರು. ಅವಳು ಲ್ಯಾಪ್‌ಟಾಪನ್ನು ಪಕ್ಕಕ್ಕಿಟ್ಟು ಎರಡೂ ಕೈಯಲ್ಲಿ ಇಸಿದುಕೊಂಡಳು.